ನನ್ನ ಡೊಳ್ಳಿನ ತೊಗಲು ಹರಿಯಲೇ ಇಲ್ಲ

ನಾನು ಡೊಳ್ಳು ಬಾರಿಸುವವನಲ್ಲ. ನಮ್ಮ ಅಂಕಲಗಿಯ ಮೇಳದಲ್ಲಿ ವರ್ಷಗಟ್ಟಲೆ ಕೊರಳಿಗೆ ಡೊಳ್ಳು ಹಾಕಿಕೊಂಡು ಕುಣಿದಿದ್ದೇನೆ, ತಲೆಗೆ ಪಟಗಾ ಸುತ್ತಿಕೊಂಡು ಫೋಟೋಗಳಲ್ಲಿ ಹಲ್ಲು ಕಿರಿದಿದ್ದೇನೆ, ಶಾಲು ಹೊದಿಸಿಕೊಂಡಿದ್ದೇನೆ — ಆದರೆ ಬಾರಿಸಿಲ್ಲ. ನನ್ನ ಕೋಲು ತೊಗಲಿನಿಂದ ಒಂದು ಬೆರಳು ಹಿಂದೆಯೇ ನಿಂತುಬಿಡುತ್ತಿತ್ತು. ಎಡಗೈಯದೂ ಅದೇ ಕಥೆ. ಅಷ್ಟು ಡೊಳ್ಳುಗಳ ಗದ್ದಲದಲ್ಲಿ ಒಂದು ಸುಮ್ಮನಿದ್ದರೆ ಯಾರಿಗೆ ಗೊತ್ತಾಗಬೇಕು? ಇದು ಮೋಸವೇ. ಇದಕ್ಕಿಂತ ದೊಡ್ಡ ಮೋಸ ಇದರ ಹಿಂದಿದೆ. ಅದು ಗೆಳೆಯ ಮಾಳಪ್ಪನಿಗೆ ನಾನು ಮಾಡಿದ್ದು. ಅದನ್ನು ಹೇಳಲಿಕ್ಕೇ ಕೂತಿದ್ದೇನೆ.

ಬಾರಿಸುವ ಆಸೆ ಇರಲಿಲ್ಲವೆಂದಲ್ಲ — ಆಸೆಯೇ ಅತಿಯಾಗಿತ್ತು. ನಮ್ಮದು ಕುರುಬರ ಮನೆ. ಅಜ್ಜನ ಡೊಳ್ಳನ್ನು ಅಪ್ಪ ಬಾರಿಸಿದ. ಅಪ್ಪ ಹೋದ ಮೇಲೆ ಅದು ಗೂಟಕ್ಕೆ ತೂಗಿಕೊಂಡು ನನ್ನನ್ನೇ ನೋಡುತ್ತಿತ್ತು. ನಾನೋ ದರ್ಜಿ. ಹೊಲಿಗೆ ಯಂತ್ರದ ಮೇಲೆ ನನ್ನ ಕಾಲು ತಪ್ಪುವುದೇ ಇಲ್ಲ, ಆದರೆ ಕಾಲಿಗೆ ಬಂದ ಲಯ ಕೈಗೆ ಬರಲಿಲ್ಲ. ಕಬ್ಬಿನ ಹೊಲದೊಳಗೆ ಕೂತು ಎಣ್ಣೆಯ ಡಬ್ಬಿ ಬಡಿದೆ, ಅಂಗಡಿಯ ಮೇಜಿನ ಮೇಲೆ ಬೆರಳಾಡಿಸಿದೆ. ಒಮ್ಮೆ ಅಡುಗೆಮನೆಯಲ್ಲಿ, ರೊಟ್ಟಿ ಬಡಿಯುತ್ತಿದ್ದ ಹೆಂಡತಿಯ ಎದುರಿಗೇ ಡೊಳ್ಳಿಟ್ಟುಕೊಂಡು ಕೂತೆ. ಅವಳ ಕೈ ಎಷ್ಟು ಸರಾಗ! ಅದನ್ನೇ ಹಿಡಿದು ಹೋದರಾಯಿತು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಅವಳ ಕೈಯೂ ತಪ್ಪಿತು.

“ಏಳ್ರಿ ಇಲ್ಲಿಂದ,” ಎಂದಳು. “ನಿಮ್ಮ ಸಂಗಾಟ ನನ್ನ ರೊಟ್ಟೀನೂ ಹರ್ಯಾಕತ್ತಾವು.”

ಇಷ್ಟಾದರೂ ಮೇಳದ ಹಿರಿಯರಾದ ಭೀಮಣ್ಣ ಕಾಕಾ, ಅಪ್ಪನ ಮೇಲಿನ ಅಭಿಮಾನಕ್ಕೆ, ನನ್ನನ್ನು ಸೇರಿಸಿಕೊಂಡರು. ಅವರ ಮೇಳದ್ದೊಂದು ವಿಶೇಷ ಇತ್ತು. ಡೊಳ್ಳುಗಳೆಲ್ಲ ಏರಿ ಏರಿ ಎದೆ ನಡುಗಿಸುವ ಹೊತ್ತಿಗೆ ಕಾಕಾ ಕೋಲನ್ನು ಮೇಲೆತ್ತುತ್ತಿದ್ದರು. ಅಷ್ಟೂ ಡೊಳ್ಳು ಒಮ್ಮೆಲೇ ನಿಲ್ಲಬೇಕು. ಒಂದು ಉಸಿರಿನಷ್ಟು ಮೌನ. ಆಮೇಲೆ ಮತ್ತೆ ಎಲ್ಲವೂ ಕೂಡಿ ಗುಡುಗಬೇಕು. ಆ ಮೌನದಲ್ಲಿ ಯಾರ ಕೋಲಾದರೂ ಬಿದ್ದರೆ ಅವನು ಡೊಳ್ಳು ಇಳಿಸಿ, ಕಾಕಾ ಮತ್ತೆ ಕರೆಯುವವರೆಗೆ ತಾಳ ಹಿಡಿಯಬೇಕು. ಇದು ಅವರ ಕಟ್ಟು.

ಹುಕ್ಕೇರಿಯಲ್ಲಿ ಒಂದು ಮದುವೆಯ ಮೆರವಣಿಗೆ. ಕಾಕಾ ಕೋಲೆತ್ತಿದರು. ಎಲ್ಲ ನಿಂತಿತು. ಆ ಮೌನದ ನಟ್ಟನಡುವೆ — ಢಂ!

ವರನ ಕುದುರೆ ಬೆಚ್ಚಿ ಮುಂಗಾಲೆತ್ತಿತು, ವರ ಅದರ ಕುತ್ತಿಗೆ ತಬ್ಬಿಕೊಂಡ, ಬೀದಿಗೆ ಬೀದಿಯೇ ನಕ್ಕಿತು. ಕಾಕಾ ಮಾತ್ರ ನಗಲಿಲ್ಲ. ಮೆರವಣಿಗೆ ಮುಗಿದ ಮೇಲೆ ನಮ್ಮನ್ನೆಲ್ಲ ನಿಲ್ಲಿಸಿ ಕೇಳಿದರು.

“ಯಾರದದು?”

ಅದು ನನ್ನದು. ಕೋಲು ಬಿದ್ದ ಕ್ಷಣದಲ್ಲೇ ನನಗೆ ಗೊತ್ತಿತ್ತು. ಆದರೆ ನಾನು ಬಾಜೂಕ್ಕೆ ನಿಂತಿದ್ದ ಮಾಳಪ್ಪನತ್ತ ನೋಡಿದೆ. ಬರೀ ನೋಡಿದೆ, ಅಷ್ಟೇ — ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ ಎಂದು ಆಮೇಲೆ ಎಷ್ಟು ಸಲ ನನಗೆ ನಾನೇ... ಕಾಕಾ ಅವರ ಕಣ್ಣು ನನ್ನ ಕಣ್ಣಿನ ಹಿಂದೆಯೇ ಹೋಯಿತು. ಮಾಳಪ್ಪನ ಕೈಯಂಥ ಕೈ ಮೇಳದಲ್ಲಿ ಇನ್ನೊಂದಿರಲಿಲ್ಲ. ಆಗಷ್ಟೇ ಅವನ ಮನೆಯಲ್ಲಿ ಕೂಸು ಹುಟ್ಟಿತ್ತು, ಪಾಪ, ನಿದ್ದೆಗೆಟ್ಟಿದ್ದ. ಅವನಿಗೆ ತನ್ನ ಮೇಲೆಯೇ ಅನುಮಾನ ಬಂತು.

“ನಂದ ಇರಬೇಕ್ರಿ ಕಾಕಾ,” ಎಂದ. “ನಿದ್ದಿಗಣ್ಣಾಗ ಕೈ ಜಾರಿತೋ ಏನೋ.”

ಎರಡೇ ಮಾತು ಸಾಕಿತ್ತು ನನಗೆ. ಅವನ್ನು ಹೇಳದೆ ಡೊಳ್ಳಿನ ಹಗ್ಗ ಬಿಗಿಯುತ್ತ ನಿಂತೆ.

ಮಾಳಪ್ಪ ತಾಳ ಹಿಡಿದ. ಕೆಲವೇ ದಿನಗಳಲ್ಲಿ ಕಾಕಾ ಅವನನ್ನು ಮರಳಿ ಕರೆದರು. ಅವನೇ ಬರಲಿಲ್ಲ. “ಬ್ಯಾಡ್ರಿ ಕಾಕಾ. ಕೈ ಜಾರಿದ್ದ ನನಗ ಗೊತ್ತಾಗಲಿಲ್ಲ. ಇನ್ನ ಅದನ್ನ ಹೆಂಗ ನಂಬಲಿ?” ಎಂದ. ಹುಟ್ಟು ಡೊಳ್ಳಿನವನು ತಾಳದಲ್ಲೇ ಉಳಿದ. ಮತ್ತೊಮ್ಮೆ ತಪ್ಪಿ ಸಿಕ್ಕಿಬಿದ್ದೇನೆಂಬ ಅಂಜಿಕೆಗೆ ನನ್ನ ಕೋಲು ಅಂದಿನಿಂದ ತೊಗಲು ಮುಟ್ಟುವುದನ್ನೇ ಬಿಟ್ಟಿತು.

ಇದರಿಂದ ಇನ್ನೊಂದು ತಮಾಷೆಯಾಯಿತು. ಬಾರಿಸಿ ಬಾರಿಸಿ ಎಲ್ಲರ ಡೊಳ್ಳಿನ ತೊಗಲು ಹರಿಯುತ್ತಿತ್ತು, ಮತ್ತೆ ಹೊಸದು ಹಾಕಿ ಬಿಗಿಯಬೇಕಾಗುತ್ತಿತ್ತು. ಹುಕ್ಕೇರಿಯ ಬೆನ್ನಿಗೇ ಹೊಸದು ಹಾಕಿಸಿದ್ದ ನನ್ನದು ಮಾತ್ರ ಹರಿಯಲಿಲ್ಲ. ಕಾಕಾ ಹೊಸಬರಿಗೆ ಅದನ್ನೇ ಹೇಳುತ್ತಿದ್ದರು, “ಡೊಳ್ಳ ಜೋಪಾನ ಮಾಡೂದನ್ನ ಯಲ್ಲಪ್ಪನ್ನ ನೋಡಿ ಕಲೀರಿ.” ನಾನು ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಎಷ್ಟು ವಿನಯ ನೋಡು ಎಂದು ಜನ ಅದನ್ನೂ ಹೊಗಳುತ್ತಿದ್ದರು.

ಈ ವರ್ಷ ಕಾಕಾ ಅವರ ಮೊಣಕಾಲು ಹಟ ಹಿಡಿಯಿತು. ಮೂಡಲಗಿಯಿಂದ ಮೇಳಕ್ಕೆ ಕರೆ ಬಂದಿತ್ತು. ಅದಕ್ಕೆ ಮೊದಲೇ ಮೇಳವನ್ನು ಒಬ್ಬರ ಕೈಗೆ ಒಪ್ಪಿಸಬೇಕೆಂದು ಎಲ್ಲರನ್ನೂ ಬೀರಪ್ಪನ ಗುಡಿಯ ಅಂಗಳಕ್ಕೆ ಕರೆಸಿದರು. ಮೊದಲು ಕೂಗಿದ್ದು ಮಾಳಪ್ಪನನ್ನು. ಅವನು ಎರಡೂ ಕೈ ಜೋಡಿಸಿದ.

“ನನ್ನ ಕೈ ನಂಬೂಹಂಗಿಲ್ರಿ ಕಾಕಾ. ಯಲ್ಲಪ್ಪಗ ಕೊಡ್ರಿ. ಇಷ್ಟ ವರ್ಷದಾಗ ಅಂವಾ ಒಂದಿನಾನೂ ತಪ್ಪಿಲ್ಲ.”

ಎಲ್ಲರೂ ಚಪ್ಪಾಳೆ ತಟ್ಟಿದರು. ತಪ್ಪುವುದೆಲ್ಲಿಂದ ಬಂತು, ಬಾರಿಸಿದರೆ ತಾನೇ ತಪ್ಪುವುದು! ನನಗೆ ನಗು ಬಂತು, ಅಳುವೂ ಬಂತು. ಅವನ ಮುಖದಲ್ಲಿ ಹೊಟ್ಟೆಕಿಚ್ಚಿನ ಒಂದು ಎಳೆಯಾದರೂ ಇದ್ದಿದ್ದರೆ... ಇರಲಿಲ್ಲ.

“ಆತು,” ಎಂದರು ಕಾಕಾ. “ಕಡೇ ಸಲ ನಾ ನಿಲ್ಲಸ್ತೇನಿ. ನಾಳಿಂದ ಇಂವಾ.”

ಮೇಳ ಎದ್ದಿತು. ನಾನೂ ಕುಣಿದೆ, ಎಂದಿನಂತೆ ಗಾಳಿಗೆ ಹೊಡೆಯುತ್ತ. ಡೊಳ್ಳು ಏರಿತು, ಏರಿತು. ಕಾಕಾ ಕೋಲೆತ್ತಿದರು. ಎಲ್ಲ ನಿಂತಿತು. ಆ ಮೌನದೊಳಗೆ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ತೋಳಿಗೆ ತಂದುಕೊಂಡು ನಾನು ಹೊಡೆದೆ — ಢಂ!

ಗುಡಿಯ ಮೇಲಿನ ಪಾರಿವಾಳಗಳೆಲ್ಲ ಹಾರಿದವು.

“ಹುಕ್ಕೇರಿದೂ ನಂದ ಕಾಕಾ,” ಎಂದೆ. “ಮಾಳಪ್ಪಂದಲ್ಲ.”

ಮಾಳಪ್ಪ ತಾಳ ಕೆಳಗಿಟ್ಟು ತನ್ನ ಅಂಗೈಯನ್ನೇ ನೋಡಿಕೊಂಡ. ಬಹಳ ಹೊತ್ತು ನೋಡಿಕೊಂಡ. ಆಮೇಲೆ — ಆ ಪುಣ್ಯಾತ್ಮ — ನನ್ನನ್ನೇ ಉಳಿಸಲು ಹೊರಟ.

“ಆ ಗದ್ದಲದಾಗ ನಿನಗೂ ತಿಳಿದಿರಲಿಕ್ಕಿಲ್ಲ ಬಿಡೋ.”

ಹೂಂ ಎಂದರೆ ಮುಗಿದುಹೋಗುತ್ತಿತ್ತು.

“ತಿಳಿದಿತ್ತು,” ಎಂದೆ. “ಆವತ್ತ ತಿಳಿದಿತ್ತು.”

“ಏ ಹುಚ್ಚಾ,” ಎಂದ. “ನಾ ನನ್ನ ಕೈಗೆ ಎಷ್ಟ ಬೈದೇನಿ ನಿನಗ ಗೊತ್ತೈತೇನೋ?”

ಅಷ್ಟರಲ್ಲಿ ಕಾಕಾ ಕುಂಟುತ್ತ ಬಂದು ನನ್ನ ಡೊಳ್ಳಿನ ಮೇಲೆ ಕೈಯಾಡಿಸಿದರು. ಕೋಲು ಬೀಳುವ ಕಡೆ ಒಂದು ಕಪ್ಪು ಕಲೆ ಇಲ್ಲ, ಒಂದು ಸವೆತ ಇಲ್ಲ. “ಅದಕ್ಕ ಏನ, ಮಗನ, ಇದು ಹರೀಲಾರದ ಉಳದದ್ದು!” ಎಂದರು. ಅಂಗಳವೆಲ್ಲ ಗೊಳ್ಳೆಂದಿತು. ಕಾಕಾ ನಕ್ಕು ನಕ್ಕು ಕಟ್ಟೆಯ ಮೇಲೆ ಕೂತುಬಿಟ್ಟರು. ಎಲ್ಲರಿಗಿಂತ ಕೊನೆಗೆ ನಕ್ಕವನು ಮಾಳಪ್ಪ. ನಕ್ಕ, ಸದ್ಯ.

ಅಪ್ಪನ ಡೊಳ್ಳನ್ನು ತೆಗೆದು ಅವನ ಕೊರಳಿಗೆ ಹಾಕಿದೆ. ಅವನು ಬಾರಿಸಿದ. ಅಯ್ಯೋ, ಎಂಥ ಕೈ ಅದು! ಅಜ್ಜನೂ ಅಪ್ಪನೂ ಎದ್ದು ಬಂದು ಅಂಗಳದಲ್ಲಿ ಕುಣಿದಂತಾಯಿತು. ನಾಚಿಕೆ ಬಿಟ್ಟು ಅತ್ತೆ, ಅಳುತ್ತಲೇ ಕುಣಿದೆ. ಅಷ್ಟು ಸಂತೋಷ ನನಗೆ ಆ ಡೊಳ್ಳು ನನ್ನ ಕೊರಳಲ್ಲಿದ್ದಾಗ ಒಮ್ಮೆಯೂ ಆಗಿರಲಿಲ್ಲ.

ಈಗ ಮೇಳ ಮಾಳಪ್ಪನದು. ಆದರೆ ಅಷ್ಟು ವರ್ಷ ಅವನು ಬಾರಿಸದೇ ಉಳಿದ ಡೊಳ್ಳನ್ನು ನಾನು ಎಲ್ಲಿಂದ ತಂದುಕೊಡಲಿ? ಅದು ನನ್ನ ತಲೆಯ ಮೇಲೆಯೇ ಇರುತ್ತದೆ, ಇರಬೇಕು.

ಕಟ್ಟಿನ ಪ್ರಕಾರ ತಾಳ ನನ್ನ ಕೈಗೆ ಬಂತು. ಅದೂ ಬರುವುದಿಲ್ಲ ನನಗೆ. ಮೂಡಲಗಿಗೆ ಟಂಟಂ ಗಾಡಿಯಲ್ಲಿ ಹೋಗುವಾಗ ದಾರಿಯುದ್ದಕ್ಕೂ ಮಾಳಪ್ಪ ಹೇಳಿಕೊಟ್ಟ. “ತಪ್ಪಿದರ ತಪ್ಪಲಿ, ಕೇಳೂಹಂಗ ಬಾರಸು,” ಎಂದ.

ಅಲ್ಲಿ ಜನ ಕಿಕ್ಕಿರಿದಿದ್ದರು. ಡೊಳ್ಳು ಏರಿತು. ಮಾಳಪ್ಪ ಕೋಲೆತ್ತಿದ, ಎಲ್ಲ ನಿಂತಿತು. ನಾನು ತಾಳವೆರಡನ್ನೂ ಎದೆಗೆ ಅವಚಿಕೊಂಡೆ. ಬೆವರಿಗೆ ಒಂದು ಜಾರಿ ಇನ್ನೊಂದಕ್ಕೆ ತಾಗಿತು — ಛಿಣ್!

ಜನ ನಕ್ಕರು. ಮುಂದಿನ ಸಾಲಿನ ಕುರ್ಚಿಯಿಂದ ಭೀಮಣ್ಣ ಕಾಕಾ ಕೂಗಿ ಕೇಳಿದರು, “ಯಾರದದು?”

“ನಂದ್ರೀ ಕಾಕಾ!” ಎಂದೆ, ಎಲ್ಲರಿಗೂ ಕೇಳುವಂತೆ.