ಕಣದ ಮೇಲಿನ ಗೆರೆ

ಹಿಪ್ಪುನೇರಳೆ ತೋಟ ಬಿಡದಿಯ ಕಾರ್ಖಾನೆಗಳಿಗೆ ಹೋದ ಮೇಲೆ ನಮ್ಮ ಮನೆಯಲ್ಲಿ ಹುಳ ಸಾಕುವುದು ನಿಂತಿತು. ಸೊಪ್ಪೇ ಇಲ್ಲದ ಮೇಲೆ ಹುಳ ಎಲ್ಲಿಂದ ಬಂತು? ಹಿತ್ತಲಿನ ಉದ್ದನೆಯ ರೇಷ್ಮೆ ಮನೆ ಒಂದು ವರ್ಷ ಬೀಗ ಹಾಕಿಕೊಂಡೇ ಇತ್ತು. ಆಮೇಲೆ ನನ್ನ ಗಂಡ ಒಳಗೆ ಅಡ್ಡಗೋಡೆ ಎಬ್ಬಿಸಿ, ನಾಲ್ಕು ರೂಮು ಮಾಡಿಸಿ, ಕಾರ್ಖಾನೆ ಕೆಲಸಕ್ಕೆ ಬರುವವರಿಗೆ ಬಾಡಿಗೆಗೆ ಕೊಟ್ಟರು. ಅವರೂ ಆಗ ಒಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದ್ದರು.

ನಾನು ಮಾಗಡಿ ಕಡೆಯಿಂದ ಆ ಮನೆಗೆ ಸೊಸೆಯಾಗಿ ಬಂದು ನಾಲ್ಕು ವರ್ಷವಾಗಿತ್ತು. ಹುಳ ಇದ್ದ ಕಾಲದಲ್ಲಿ ರೇಷ್ಮೆ ಮನೆಯೊಳಗೆ ಹೊರಗಿನವರು ಇಣುಕುವ ಹಾಗಿರಲಿಲ್ಲ. ಕೈಕಾಲು ತೊಳೆಯದೆ ನಾವೂ ಹೋಗುತ್ತಿರಲಿಲ್ಲ. ಈಗ ಅದೇ ಬಾಗಿಲ ಮುಂದೆ ಎಲ್ಲೆಲ್ಲಿಯವರೋ ಪ್ಯಾಂಟು ಒಣಹಾಕುತ್ತಿದ್ದರು. ಒಂದನೇ ರೂಮಿಗೆ ಧರ್ಮಪುರಿ ಕಡೆಯ ಗಂಡ ಹೆಂಡತಿ, ಎರಡನೆಯದಕ್ಕೆ ಗುಲ್ಬರ್ಗ ಕಡೆಯ ಮೂವರು, ಉಳಿದ ಎರಡಕ್ಕೂ ಒರಿಸ್ಸಾದವರು. ಅವರ ಹೆಸರುಗಳು ನಮ್ಮ ಬಾಯಿಗೆ ಹತ್ತಲಿಲ್ಲ. ಒಂದನೇ ರೂಮಿನೋರು, ಮೂರನೇ ರೂಮಿನೋನು ಎಂದೇ ಕರೆಯುತ್ತಿದ್ದೆವು.

ನನಗೆ ಅವರನ್ನು ನೋಡುವುದೇ ಒಂದು ಕುತೂಹಲ. ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಕುಳಿತರೆ ನಾಲ್ಕೂ ಬಾಗಿಲು ಕಾಣುತ್ತಿತ್ತು. ಯಾರು ಏನು ಉಣ್ಣುತ್ತಾರೆ, ಸ್ನಾನ ಮಾಡಿ ಯಾವ ದಿಕ್ಕಿಗೆ ಕೈ ಮುಗಿಯುತ್ತಾರೆ, ಊರಿಂದ ಕಾಗದ ಬಂದರೆ ನಿಂತು ಓದುತ್ತಾರೋ ಕೂತು ಓದುತ್ತಾರೋ, ಎಲ್ಲ ಗಮನಿಸುತ್ತಿದ್ದೆ. ಗುಲ್ಬರ್ಗದವರು ಮಾತಾಡುವುದು ಕನ್ನಡವೇ ಎಂದು ನನಗೆ ಗೊತ್ತಾಗಲು ಒಂದು ವಾರ ಬೇಕಾಯಿತು. ಅವರಿಗೂ ನಮ್ಮ ಕನ್ನಡ ಹಾಗೇ ಅನ್ನಿಸಿತ್ತಂತೆ. ಮಾವನಿಗೆ ಮಾತ್ರ ಭಾಷೆಯ ತೊಂದರೆ ಇರಲಿಲ್ಲ. ಯಾರೇ ಎದುರಾದರೂ ನಿಲ್ಲಿಸಿ, "ನಿಮ್ ಕಡೆ ಏನಪ್ಪಾ ಬೆಳೀತಾರೆ?" ಎಂದು ಕೇಳುತ್ತಿದ್ದರು. ಉತ್ತರ ಅರ್ಥವಾಗದಿದ್ದರೂ ತಲೆದೂಗುತ್ತಿದ್ದರು.

ಒಂದು ಮಧ್ಯಾಹ್ನ ರೇಷ್ಮೆ ಮನೆಯ ಹಿಂಬದಿಯಿಂದ ಧಪ್ ಧಪ್ ಎಂದು ಸದ್ದು ಕೇಳಿಸಿತು. ಹೋಗಿ ನೋಡಿದರೆ ಮೂರನೇ ರೂಮಿನ ಎತ್ತರದವನು ಗೋಡೆಗೆ ವಾಲಿಬಾಲ್ ಹೊಡೆಯುತ್ತಿದ್ದ. ಮೊದಲ ಶಿಫ್ಟ್ ಮುಗಿಸಿ ಬಂದವನು ಊಟವನ್ನೂ ಮಾಡಿರಲಿಲ್ಲ. ನನ್ನನ್ನು ಕಂಡದ್ದೇ ಚೆಂಡನ್ನು ಕಂಕುಳಿಗೆ ಅವುಚಿಕೊಂಡು, "ಗೋಡೆ ಏನೂ ಆಗಿಲ್ಲ ಅಕ್ಕ" ಎಂದ.

"ಒಬ್ನೇ ಆಡ್ತಿದ್ದೀಯಲ್ಲ, ಬೇಜಾರಾಗಲ್ವಾ?" ಎಂದೆ.

ಅವನು ನಕ್ಕು, ಪಕ್ಕದಲ್ಲಿ ಖಾಲಿ ಬಿದ್ದಿದ್ದ ನಮ್ಮ ಕಣದ ಕಡೆ ಕೈ ತೋರಿಸಿದ. ಕೇಳಲು ಧೈರ್ಯ ಬಂದಿರಲಿಲ್ಲವೇನೋ.

ಆ ಹೊತ್ತಿಗೆ ನಮ್ಮೂರಿನಲ್ಲಿ ಯಾರೂ ಕಣದಲ್ಲಿ ಒಕ್ಕಣೆ ಮಾಡುತ್ತಿರಲಿಲ್ಲ. ರಾಗಿಯನ್ನು ಟಾರು ರಸ್ತೆಗೆ ಹಾಸಿದರೆ ಲಾರಿ, ಬಸ್ಸುಗಳೇ ತುಳಿದು ಕಾಳು ಉದುರಿಸುತ್ತಿದ್ದವು. ಆದರೂ ಮಾವ ವರ್ಷಕ್ಕೊಮ್ಮೆ ಕಣವನ್ನು ಕೆತ್ತಿಸಿ, ಸಗಣಿ ಬಳಿಸಿ ಇಡುತ್ತಿದ್ದರು. ಅಲ್ಲಿ ಚೆಂಡಾಡುತ್ತಾರಂತೆ ಎಂದು ನಾನು ಹೇಳಿದೆ. ಅವರು ಎದ್ದು ಹೋಗಿ ಮೂರನೇ ರೂಮಿನ ಮುಂದೆ ನಿಂತು, "ಕಣ ಅಂದ್ರೆ ದೇವ್ರ ಜಾಗ ಕಣಪ್ಪ. ಮೆಟ್ಟು ಹಾಕ್ಕಂಡು ಕಾಲಿಡಂಗಿಲ್ಲ" ಎಂದು ತಮ್ಮ ಚಪ್ಪಲಿ ಬಿಟ್ಟು ತೋರಿಸಿದರು. ಅವನಿಗೆ ಮಾತು ಅರ್ಥವಾಯಿತೋ ಇಲ್ಲವೋ, ಚಪ್ಪಲಿಯಂತೂ ಅರ್ಥವಾಯಿತು. ಅಂದಿನಿಂದ ಕಾರ್ಖಾನೆಯ ಭಾರದ ಬೂಟುಗಳು ಕಣದ ಅಂಚಿನಲ್ಲಿ ಸಾಲಾಗಿ ನಿಲ್ಲತೊಡಗಿದವು.

ನೆಟ್ಟಿಗಾಗಿ ರೇಷ್ಮೆ ಮನೆಯ ಕಿಟಕಿಗಳಿಂದ ಬಿಚ್ಚಿಟ್ಟಿದ್ದ ನೈಲಾನ್ ಪರದೆಗಳನ್ನು ನಾನೇ ಜೋಡಿಸಿ ಹೊಲಿದುಕೊಟ್ಟೆ. ಹುಳಕ್ಕೆ ಊಜಿ ನೊಣ ಬಾರದಿರಲೆಂದು ಕಟ್ಟಿದ್ದ ಪರದೆ ಅದು. ಗೆರೆಗಳನ್ನು ರಂಗೋಲಿ ಪುಡಿಯಲ್ಲಿ ಎಳೆದೆ. ಹೈಸ್ಕೂಲಿನಲ್ಲಿ ನಾನು ಥ್ರೋಬಾಲ್ ಆಡಿದವಳು, ತಾಲ್ಲೂಕು ಮಟ್ಟದವರೆಗೂ ಹೋಗಿದ್ದೆ. ಹುಡುಗರ ವಾಲಿಬಾಲಿನ ಕಾನೂನನ್ನೂ ಅಲ್ಲೇ ಕಲಿತಿದ್ದೆ. ಮದುವೆಯಾದ ಮೇಲೆ ಆ ಸಂಗತಿಯನ್ನು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಎರಡು ವಾರವಾಗುವಷ್ಟರಲ್ಲಿ ನನ್ನ ಮೈದುನ ಊರಿನ ಗೆಳೆಯರನ್ನು ಕರೆದುಕೊಂಡು ಬಂದ. ಅವನಿಗಿನ್ನೂ ಕೆಲಸ ಸಿಕ್ಕಿರಲಿಲ್ಲ. ಕಾರ್ಖಾನೆಯವರು ನಮ್ಮ ಜಮೀನು ತೆಗೆದುಕೊಂಡು ಕೆಲಸವನ್ನು ದೂರದವರಿಗೆ ಕೊಟ್ಟರು ಎಂಬ ಸಿಟ್ಟು ಅವನ ಮಾತಿನಲ್ಲಿ ಸದಾ ಇರುತ್ತಿತ್ತು.

"ನಮ್ ಕಣದಲ್ಲಿ ನಮ್ಮನ್ನೇ ಬುಟ್ಟು ಆಡ್ತಾವ್ರಲ್ಲ. ಬನ್ರಲಾ, ಒಂದು ಕೈ ನೋಡೇ ಬುಡಾನ" ಎಂದ.

ಹೀಗೆ ಊರಿನವರು ಒಂದು ಕಡೆ, ರೂಮಿನವರು ಒಂದು ಕಡೆ ಎಂದು ಆಟ ಶುರುವಾಯಿತು. ಎರಡೂ ಕಡೆಯವರು ತಮ್ಮ ತಮ್ಮ ಭಾಷೆಯಲ್ಲಿ ಪಾಯಿಂಟು ಎಣಿಸುತ್ತಿದ್ದರು. ಹನ್ನೊಂದೋ ಹನ್ನೆರಡೋ ಎಂಬ ಜಗಳ ದಿನವೂ ಇದ್ದದ್ದೇ. ಒಂದು ದಿನ ಅದು ಕೊರಳಪಟ್ಟಿ ಹಿಡಿಯುವವರೆಗೂ ಹೋಯಿತು. ಗುಲ್ಬರ್ಗದವನೊಬ್ಬನ ಅಂಗಿ ಹರಿಯಿತು. ಮಾವ ನಡೆದು ಬಂದು ಚೆಂಡನ್ನು ಎತ್ತಿಕೊಂಡರು.

"ನ್ಯಾಯ ಹೇಳೋರು ಒಬ್ರು ಬೇಕು. ಇಲ್ದಿದ್ರೆ ಆಟ ಇವತ್ಗೆ ಮುಗೀತು. ಈ ಆಟದ ಕಾನೂನು ಯಾರಿಗ್ ಗೊತ್ತೈತೆ?"

ಗೊತ್ತಿದ್ದವರೆಲ್ಲ ಆಡುವವರೇ. ಪಾತ್ರೆ ತೊಳೆಯುವ ಕಲ್ಲಿನಿಂದ ಎದ್ದು ನಿಂತು, "ನನಗ್ ಗೊತ್ತು ಮಾವ" ಎಂದೆ. ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು. ಅತ್ತೆ ಬಾಗಿಲಲ್ಲಿ ನಿಂತು, "ಗಂಡಸ್ರ ಆಟಕ್ಕೆ ಮನೆ ಸೊಸೆನಾ?" ಎಂದರು. ಮಾವ ಅವರ ಕಡೆ ತಿರುಗಲೂ ಇಲ್ಲ. "ಗೊತ್ತಿದ್ರೆ ಬಾರವ್ವ" ಎಂದರು.

ನನ್ನ ಗಂಡ ಗೇಟಿನ ಕೆಲಸಕ್ಕೆ ಕೊಟ್ಟಿದ್ದ ವಿಷಲ್ ತಂದು ನನ್ನ ಕೈಗಿಟ್ಟರು. ಕಣದ ಅಂಚಿನಲ್ಲಿ ಹಿಂದೆ ಒಕ್ಕಣೆಗೆ ಎಳೆಸುತ್ತಿದ್ದ ಕಲ್ಲಿನ ಗುಂಡು ಬಿದ್ದಿತ್ತು. ಅದು ಉರುಳದ ಹಾಗೆ ಎರಡೂ ಕಡೆ ಇಟ್ಟಿಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು ಅದರ ಮೇಲೆ ಹತ್ತಿ ನಿಂತೆ. ಮೊದಲ ಸಲ ಊದಿದಾಗ ಸದ್ದಿಗಿಂತ ಗಾಳಿಯೇ ಹೆಚ್ಚು ಬಂತು. ಎರಡನೇ ಸಲಕ್ಕೆ ಎಲ್ಲರೂ ತಿರುಗಿ ನೋಡಿದರು.

ಒಂದು ತಿಂಗಳು ಎಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೆ ಆ ಭಾನುವಾರ ಬಂತು.

ಆಗ ನಮ್ಮ ಕಡೆ ಹಳೆಯ ಲೆಕ್ಕದಲ್ಲೇ ಆಡುತ್ತಿದ್ದರು. ಸರ್ವಿಸ್ ಮಾಡುವ ಕಡೆಯವರು ಗೆದ್ದರೆ ಮಾತ್ರ ಪಾಯಿಂಟು. ಎದುರಿನವರು ಗೆದ್ದರೆ ಸರ್ವಿಸ್ ಆ ಕಡೆಗೆ ಹೋಗುತ್ತಿತ್ತು, ಅಷ್ಟೆ. ಹದಿನೈದಕ್ಕೆ ಆಟ, ಆದರೆ ಗೆಲ್ಲಲು ಎರಡು ಪಾಯಿಂಟಾದರೂ ಮುಂದಿರಬೇಕು. ಊರಿನವರು ಹದಿನಾಲ್ಕು, ರೂಮಿನವರು ಹದಿಮೂರು. ಸರ್ವಿಸ್ ಊರಿನವರದು. ಚೆಂಡು ಎರಡು ಮೂರು ಸಲ ಅತ್ತಿತ್ತ ಹೋಗಿ ಬಂದ ಮೇಲೆ ಮೈದುನ ನೆಟ್ಟಿನ ಮೇಲೆ ಎಗರಿ ಬಲವಾಗಿ ಹೊಡೆದ. ಚೆಂಡು ಹಿಂದಿನ ಗೆರೆಯ ಹತ್ತಿರ ಬಿದ್ದು ಹೊರಗೆ ಹಾರಿತು.

ಎಲ್ಲರೂ ನನ್ನ ಮುಖ ನೋಡಿದರು. ನಾನು ನೋಡಿರಲಿಲ್ಲ. ಇಳಿಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು, ಚೆಂಡು ಬಿದ್ದ ಕ್ಷಣದಲ್ಲಿ ನನಗೆ ಕಂಡದ್ದು ಬರೀ ಬೆಳಕು. ನೋಡಲಿಲ್ಲ ಎಂದು ಹೇಳಬಹುದಿತ್ತು, ಇನ್ನೊಮ್ಮೆ ಆಡಿ ಎನ್ನಬಹುದಿತ್ತು. ಆ ಹೊತ್ತಿನಲ್ಲಿ ತಲೆಗೆ ಬಂದದ್ದು ಒಂದೇ: ಒಳಗೆ ಎಂದರೆ ಮೈದುನನಿಗೆ ಗೆಲ್ಲಿಸಿಕೊಟ್ಟಳು ಅನ್ನುತ್ತಾರೆ. ವಿಷಲ್ ಊದಿ, "ಔಟ್" ಎಂದೆ.

"ಅತ್ಗೆ! ಒಳಕ್ ಬಿದ್ದೈತೆ!" ಎಂದು ಮೈದುನ ಕೂಗಿದ. ಅವನ ಮುಖ ಕೆಂಪಾಗಿತ್ತು.

"ಔಟ್ ಅಂದ್ರೆ ಔಟ್" ಎಂದೆ. ನನ್ನ ಧ್ವನಿ ಅಷ್ಟು ಗಟ್ಟಿಯಾಗಿ ಹೇಗೆ ಬಂತೋ.

ಸರ್ವಿಸ್ ಎತ್ತರದವನ ಕೈಗೆ ಬಂತು. ಅಷ್ಟು ದಿನ ಅವನ ಒಂದು ಸರ್ವಿಸ್ಸೂ ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಅವತ್ತು ಅವನು ಹೊಡೆದದ್ದು ನೇರ ನೆಟ್ಟಿಗೆ ಹೋಗಿ ಬಿತ್ತು. ಸರ್ವಿಸ್ ಮತ್ತೆ ಊರಿನವರಿಗೆ ಬಂತು, ಪಾಯಿಂಟು ಬದಲಾಗಲಿಲ್ಲ. ಮೈದುನ ಕುದಿಯುತ್ತಾ ಚೆಂಡೆತ್ತಿ ಬಾರಿಸಿದ. ಅದು ಕಣ ದಾಟಿ ಹುಲ್ಲಿನ ಮೆದೆಯ ಹತ್ತಿರ ಬಿತ್ತು. ಅಲ್ಲಿಂದ ರೂಮಿನವರು ಒಂದೊಂದಾಗಿ ಮೂರು ಪಾಯಿಂಟು ತೆಗೆದು ಗೆದ್ದರು.

ಆ ರಾತ್ರಿಯಿಂದ ಮೈದುನ ನಾನು ಬಡಿಸಿದರೆ ಉಣ್ಣಲಿಲ್ಲ. ಅತ್ತೆಯೇ ಮುದ್ದೆ ಹಾಕಬೇಕಾಯಿತು. ಇತ್ತ ರೂಮಿನವರು ನನ್ನನ್ನು ಕಂಡರೆ ಮೊದಲಿಗಿಂತ ಹೆಚ್ಚು ಗೌರವ ತೋರಿಸತೊಡಗಿದರು. "ಅಕ್ಕಾರ ನ್ಯಾಯ ಅಂದ್ರ ನ್ಯಾಯರಿ" ಎಂದು ಗುಲ್ಬರ್ಗದವರು ಹೇಳಿದಾಗ ನನಗೆ ನೆಲ ನೋಡುವ ಹಾಗಾಯಿತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಆ ನೆಟ್ಟಿಗೆ ಬಿದ್ದ ಸರ್ವಿಸ್. ಅಂಥ ಕೈ ಯಾಕೆ ತಪ್ಪಿತು?

ಐದನೇ ದಿನ ಎತ್ತರದವನು ನಲ್ಲಿಯ ಹತ್ತಿರ ಸಿಕ್ಕಾಗ ಕೇಳಿಯೇಬಿಟ್ಟೆ.

ಅವನು ತುಂಬಿದ ಬಿಂದಿಗೆಯನ್ನು ಪಕ್ಕಕ್ಕಿಟ್ಟು, "ಬಾಲ್ ಒಳಗೆ ಅಕ್ಕ. ಗೆರೆ ಮೇಲೆ. ನನ್ನ ಕಾಲ್ ಹತ್ರ" ಎಂದ.

"ಮತ್ತೆ ಆಗ್ಲೇ ಯಾಕ್ ಹೇಳ್ಲಿಲ್ಲ?"

"ಅಕ್ಕ ಸೀಟಿ ಹೊಡೆದ್ರು. ಸೀಟಿ ಮೇಲೆ ಮಾತಿಲ್ಲ." ಬಿಂದಿಗೆ ಎತ್ತಿಕೊಂಡು, "ಸರ್ವಿಸ್ ವಾಪಸ್ ಕೊಟ್ಟೆ" ಎಂದ.

ನಾನು ಅಲ್ಲಿಂದ ಸೀದಾ ಮೈದುನನ ಹತ್ತಿರ ಹೋದೆ. ಅವನು ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ. "ಅವತ್ತು ನಾನ್ ಚೆಂಡನ್ನ ನೋಡ್ಲೇ ಇಲ್ಲ ಕಣಪ್ಪ. ಹೆದ್ರಿಕೊಂಡು ಔಟ್ ಅಂದ್ಬುಟ್ಟೆ. ಅದು ಒಳಗೇ ಬಿದ್ದಿತ್ತಂತೆ" ಎಂದು ಎಲ್ಲವನ್ನೂ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ನನ್ನ ತಪ್ಪಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಅವ್ನು ಬೇಕಂತ್ಲೇ ನೆಟ್ಗೆ ಹೊಡುದ್ನಾ?"

"ಹೂಂ."

"ಅವ್ನು ಕೊಟ್ಟಿದ್ದ. ನಾನೇ ಕಳ್ಕಂಡೆ" ಎಂದ. ಹಗ್ಗವನ್ನು ಪಕ್ಕಕ್ಕಿಟ್ಟು, "ಊಟಕ್ಕಿಕ್ಕು ಅತ್ಗೆ" ಎಂದು ಎದ್ದ.

ಮಾರನೆಯ ಸಂಜೆ ಕಣಕ್ಕೆ ಬಂದವನೇ, "ಇವತ್ತಿಂದ ಊರು, ರೂಮು ಅಂತ ಬ್ಯಾಡ. ಕಲಸ್ಕಂಡ್ ಆಡಾನ" ಎಂದ. ಅವನ ಗೆಳೆಯರಿಗೆ ಆಶ್ಚರ್ಯ. ಇದೇನೋ ದೊಡ್ಡ ಮನಸ್ಸಿನ ಮಾತು ಎಂದು ನಾನೂ ಅಂದುಕೊಂಡೆ. ಅವನು ಕೂಡಲೇ ಎತ್ತರದವನ ತೋಳು ಹಿಡಿದು, "ಇವ್ನು ನನ್ ಕಡೆ" ಎಂದಾಗ ಎಲ್ಲರಿಗೂ ಗುಟ್ಟು ಗೊತ್ತಾಯಿತು. ನಗೆಯೋ ನಗೆ. ನಾನು ಎಲ್ಲರ ಮುಂದೆಯೂ ನನ್ನ ತಪ್ಪನ್ನು ಹೇಳಿಕೊಂಡೆ. ಮಾವ ಅದಕ್ಕೆ ಪರಿಹಾರವೆಂದು ಒಂದು ಮರದ ಸ್ಟೂಲು ತರಿಸಿ ಹಿಂದಿನ ಗೆರೆಯ ಪಕ್ಕ ಕುಳಿತರು. ಆಮೇಲೆ ಗೆರೆಯ ತೀರ್ಪು ಅವರದೇ. ಚೆಂಡು ಬಿದ್ದ ಕಡೆ ಬಗ್ಗಿ, ಭತ್ತದ ಬಣ್ಣ ನೋಡುವವರ ಹಾಗೆ ರಂಗೋಲಿ ಪುಡಿಯನ್ನು ಪರೀಕ್ಷಿಸಿ, ನಿಧಾನವಾಗಿ "ಒಳಕ್ಕೆ" ಎನ್ನುವರು. ಅಷ್ಟರವರೆಗೆ ಹನ್ನೆರಡು ಜನವೂ ಕಾಯುತ್ತಿದ್ದರು.

ಇದರಿಂದ ಎಲ್ಲವೂ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ನಲ್ಲಿಯಲ್ಲಿ ನೀರು ಕಡಿಮೆಯಾದಾಗ ಜಗಳ ಇತ್ತು. ರೂಮಿನಿಂದ ಒಣಮೀನು ಹುರಿಯುವ ವಾಸನೆ ಬಂದರೆ ಅತ್ತೆ ಕಿಟಕಿ ಮುಚ್ಚುತ್ತಿದ್ದರು. ಅವರು ನಡುಮನೆ ದಾಟಿ ಯಾರನ್ನೂ ಒಳಗೆ ಬಿಡಲಿಲ್ಲ, ಕೊನೆಯವರೆಗೂ. ಆದರೆ ಮೈದುನನಿಗೆ ಒಂದು ಕಾರ್ಖಾನೆಯಲ್ಲಿ ಆಳು ತೆಗೆದುಕೊಳ್ಳುತ್ತಿದ್ದಾರೆಂದು ಮೊದಲು ಬಂದು ಹೇಳಿದವನು ಒಂದನೇ ರೂಮಿನ ಗಂಡ. ಅಲ್ಲಿ ಅವನಿಗೆ ಕೆಲಸವೂ ಆಯಿತು. ಒಂದನೇ ರೂಮಿನ ಹೆಂಗಸು, ಬಂದು ಆರು ತಿಂಗಳಾದರೂ ಬಾಗಿಲು ದಾಟದಿದ್ದವಳು, ನನ್ನ ಗುಂಡಿನ ಪಕ್ಕ ನಿಂತು ಪಾಯಿಂಟು ಬರೆದುಕೊಳ್ಳತೊಡಗಿದಳು.

ಆ ಬೇಸಿಗೆಯಲ್ಲಿ ರಾಮನಗರದಲ್ಲೊಂದು ವಾಲಿಬಾಲ್ ಪಂದ್ಯಾವಳಿ ಇದೆಯೆಂದು ಗೊತ್ತಾಯಿತು. ಮೈದುನ ನಮ್ಮೂರಿನ ಹೆಸರಿನಲ್ಲಿ ಟೀಮು ಬರೆಸಿ ಬಂದ. ಆರು ಜನರಲ್ಲಿ ಮೂವರು ರೂಮಿನವರು. ತರಕಾರಿ ಸಾಗಿಸುವ ಟೆಂಪೋದಲ್ಲಿ ಎಲ್ಲರೂ ಹೊರಟರು. ನಾನೂ ಒಂದನೇ ರೂಮಿನವಳೂ ಮುಂದೆ, ಡ್ರೈವರಿನ ಪಕ್ಕ. ಮದುವೆ, ಸಾವು, ದೇವರು ಬಿಟ್ಟು ಬೇರೆ ಕಾರಣಕ್ಕೆ ನಾನು ಊರಿನ ಗಡಿ ದಾಟಿದ್ದು, ಸೊಸೆಯಾದ ಮೇಲೆ, ಅದೇ ಮೊದಲು.

ಮೊದಲ ಪಂದ್ಯದಲ್ಲೇ ಸೋತೆವು. ಎದುರಿಗಿದ್ದವರು ರೇಷ್ಮೆಗೂಡಿನ ಮಾರುಕಟ್ಟೆಯ ಹತ್ತಿರದ ಸಾಬರ ಹುಡುಗರು, ನೂಲು ಬಿಚ್ಚುವ ಕೆಲಸದವರು. ಆಟ ಮುಗಿದ ಮೇಲೆ ಅವರಲ್ಲೊಬ್ಬ ನಮ್ಮೂರಿನ ಹೆಸರು ಕೇಳಿ, "ನಿಮ್ಮೂರಿಂದ ಒಳ್ಳೆ ಗೂಡು ಬರ್ತಿತ್ತಲ್ಲಣ್ಣ, ಈಗ ಯಾಕ್ ಬರ್ತಿಲ್ಲ?" ಎಂದು ವಿಚಾರಿಸಿದ. ಮೈದುನ ರೂಮಿನವರ ಕಡೆ ತೋರಿಸಿ, "ಗೂಡಿನ್ ಮನೇಲಿ ಈಗ ಇವ್ರವ್ರೆ" ಎಂದ.

ವಾಪಸ್ಸು ಬರುವಾಗ ಬಿಡದಿಯಲ್ಲಿ ಟೆಂಪೋ ನಿಲ್ಲಿಸಿ ತಟ್ಟೆ ಇಡ್ಲಿ ತಿಂದೆವು. ಪಕ್ಕದ ಮೇಜಿನಲ್ಲಿ ಮೈದುನನೂ ಎತ್ತರದವನೂ ಕೊನೆಯ ಚೆಂಡು ಯಾರದಾಗಿತ್ತು ಎಂದು ಜೋರಾಗಿ ವಾದ ಮಾಡುತ್ತಿದ್ದರು. ಅರ್ಧ ಕನ್ನಡ, ಅರ್ಧ ಹಿಂದಿ, ನಡುವೆ ಒರಿಸ್ಸಾದ್ದೋ ಗುಲ್ಬರ್ಗದ್ದೋ ತಿಳಿಯದ ಒಂದೆರಡು ಬೈಗುಳ. ಮೈದುನ ಅಷ್ಟು ಮಾತು ಯಾವಾಗ ಕಲಿತನೋ ನನಗೆ ತಿಳಿಯದು. ಏನು ಹೇಳುತ್ತಿದ್ದಾರೆಂದು ಪಕ್ಕದಲ್ಲಿದ್ದ ಒಂದನೇ ರೂಮಿನವಳನ್ನು ಕೇಳಿದೆ. ಅವಳು ಒಂದು ಕ್ಷಣ ಕಿವಿಗೊಟ್ಟು, ಗೊತ್ತಿಲ್ಲವೆಂದು ತಲೆಯಾಡಿಸಿ, "ತೆರಿಯಲೆ ಅಕ್ಕ" ಎಂದು ನಕ್ಕು, ನನ್ನ ಕಡೆಗೆ ಚಟ್ನಿ ಸರಿಸಿದಳು.