ನುಂಗಿ ಬೈಯಬೇಕು

ನಮ್ಮ ಬೀದಿಯವರು ಅವಳನ್ನು ಮಾತ್ರೆ ಅಕ್ಕ ಎನ್ನುತ್ತಾರೆ. ಕ್ಷಯದ ಕ್ಲಿನಿಕ್ಕಿನವಳು. ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಮನೆ ಮನೆಗೆ ಹೋಗಿ, ರೋಗಿ ತನ್ನೆದುರೇ ಮಾತ್ರೆ ನುಂಗುವುದನ್ನು ನೋಡುವುದು ಅವಳ ಕೆಲಸ. ಕೋಪ ಅವಳಿಗೆ ಮೂಗಿನ ತುದಿಯಲ್ಲೇ. ಆದರೆ ಯಾರ ಕಾಯಿಲೆಯೂ ಬೀದಿಗೆ ಕೇಳಿಸಬಾರದು. ಹಾಗಾಗಿ ಅವಳು ಬೈಯುವುದೂ ಪಿಸುಮಾತಿನಲ್ಲೇ. ಅದಕ್ಕಿಂತ ಕಿರುಚಿದ್ದರೇ ವಾಸಿ ಎನ್ನುತ್ತಾರೆ ಬೈಸಿಕೊಂಡವರು.

ಮಾತ್ರೆಯನ್ನು ಕೆನ್ನೆಯೊಳಗೆ ಅಡಗಿಸಿ ಆಮೇಲೆ ಉಗುಳುವವರು ಇದ್ದೇ ಇರುತ್ತಾರೆ. ಬಾಯಿ ತೆರೆಸಿ ಇಣುಕಿದರೆ ದೊಡ್ಡವರಿಗೆ ಅವಮಾನ. ಅದಕ್ಕೆ ಅವಳೇ ಒಂದು ಪದ್ಧತಿ ಮಾಡಿಕೊಂಡಿದ್ದಳು: ನುಂಗಿದ ಮೇಲೆ ರೋಗಿ ಅವಳನ್ನೇ ಬಾಯ್ತುಂಬ ಬೈಯಬೇಕು. ಬಾಯಲ್ಲಿ ಮಾತ್ರೆ ಇಟ್ಟುಕೊಂಡು ಯಾರೂ ನೆಟ್ಟಗೆ ಬೈಯಲಾರರು.

ಈ ವಿದ್ಯೆಯಲ್ಲಿ ಟೈಲರನ ಹೆಂಡತಿಯನ್ನು ಮೀರಿಸುವವರಿರಲಿಲ್ಲ. "ನಿನ್ನ ಚೀಲಕ್ಕೆ ಬೆಂಕಿ ಬೀಳ! ನಿನ್ನ ಮುಖ ನೋಡಿದ್ರೇ ಕೆಮ್ಮು ಬರುತ್ತೆ ಕಣಕ್ಕ!" ಎಂದು ಶುರುಮಾಡಿದರೆ ಇಬ್ಬರೂ ನಗುತ್ತಿದ್ದರು. ಕೆಮ್ಮು ನಿಂತಿತ್ತು, ಮೈ ತುಂಬಿಕೊಳ್ಳುತ್ತಿತ್ತು.

ಆಮೇಲೆ ಟೈಲರನ ಹೆಂಡತಿ ಬೈಯುವುದನ್ನು ಬಿಟ್ಟಳು. ನೀರು ಕುಡಿದು ತಲೆಯಾಡಿಸುತ್ತಿದ್ದಳು, ಅಷ್ಟೇ. "ಗಂಟಲು ಕಟ್ಟಿದೆ ಅವಳಿಗೆ, ಬಿಡಮ್ಮ," ಎನ್ನುತ್ತಿದ್ದಳು ಪಕ್ಕದಲ್ಲೇ ಕೂತ ಅತ್ತೆ. ಅಕ್ಕ ನಂಬಿದಳು. ಕೆಮ್ಮು ಮರಳಿ ಬಂದ ಮೇಲೆ ನಂಬಲಿಲ್ಲ.

"ಬೈಯೇ," ಎಂದಳು. "ನೀನು ಬೈಯೋವರೆಗೂ ನಾನು ಏಳಲ್ಲ."

ಟೈಲರನ ಹೆಂಡತಿ ಬಾಯಿ ತೆರೆದಳು. ಮಾತ್ರೆಯ ಬಣ್ಣ ಹತ್ತಿ ನಾಲಿಗೆಯೆಲ್ಲ ಕೆಂಪು. ಅರೆ ಕರಗಿದ ಮಾತ್ರೆ ಅಂಗೈಗೆ ಬಿತ್ತು.

"ಉಗುಳಿ ಏನ್ಮಾಡ್ತೀಯ ಇದನ್ನ?"

ಉತ್ತರ ಕೊಟ್ಟವಳು ಅತ್ತೆ. "ನನ್ನ ಮಗನಿಗೆ ಕೊಡ್ತೀವಿ. ಅವನಿಗೂ ಕೆಮ್ಮು ಹತ್ತಿದೆ. ಕ್ಲಿನಿಕ್ಕಿಗೆ ಹೋದ್ರೆ ಅಂಗಡಿಯವರು ಕೆಲಸದಿಂದ ತೆಗೀತಾರೆ. ದುಡಿಯೋ ಗಂಡಸು ಮೊದಲು ಉಳೀಬೇಕಲ್ಲ? ಇವಳಿಗೆ ಹೇಗೂ ವಾಸಿಯಾಗಿತ್ತು."

ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ. ಸೊಸೆಗೆ ಕಾಯಿಲೆ ಎಂದ ದಿನವೇ ತಟ್ಟೆ ಲೋಟ ಬೇರೆ ಮಾಡಿದ ಮನೆ ಅದು. ಅವಳ ಎಂಜಲು ಲೋಟ ಆಗದು, ಎಂಜಲು ಮಾತ್ರೆ ಆಗುತ್ತದೆ! ಆ ಮಹಾನುಭಾವನೂ ಗೊತ್ತಿದ್ದೇ ನುಂಗುತ್ತಿದ್ದ.

ಅಕ್ಕ ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಅರೆಬರೆ ಮದ್ದು ಇಬ್ಬರನ್ನೂ ಉಳಿಸಲ್ಲ ಅಮ್ಮಾ. ಕಾಯಿಲೆ ಮದ್ದಿಗೇ ಪಳಗಿಬಿಡುತ್ತೆ, ಆಮೇಲೆ ಈ ಮಾತ್ರೆಗೆ ಬಗ್ಗಲ್ಲ. ಮಗನನ್ನ ಉಳಿಸ್ತೀನಿ ಅಂತ ಇಬ್ಬರಿಗೂ ಗುಂಡಿ ತೋಡಿದ್ದೀರಿ."

ಅಲ್ಲಿಂದ ನೇರ ಟೈಲರ್ ಅಂಗಡಿಗೆ ಹೋದಳು. ಮಾಲೀಕನ ಮುಂದೆ, "ನಮ್ಮನೇಲಿ ಹಾಸಿಗೆ ಹಿಡಿದವರ ಅಳತೆ ತೆಗೀಬೇಕಿತ್ತು, ಸ್ವಲ್ಪ ಬನ್ನಿ," ಎಂದು ಟೈಲರನನ್ನು ನಯವಾಗಿ ಕರೆದು, ತಿರುವು ದಾಟಿದ ಮೇಲೆ ಕ್ಲಿನಿಕ್ಕಿನವರೆಗೂ ಅವನ ನೀರಿಳಿಸಿದಳು. ಗಂಡ ಹೆಂಡತಿ ಇಬ್ಬರ ಕಫವೂ ಪರೀಕ್ಷೆಗೆ ಹೋಯಿತು. ಹಳೆಯ ಮಾತ್ರೆ ಅವಳಿಗೆ ಇನ್ನು ಹಿಡಿಯುತ್ತದೋ ಇಲ್ಲವೋ, ಅದಿನ್ನೂ ತಿಳಿದಿಲ್ಲ. ಅಲ್ಲಿಯತನಕ ತಪ್ಪದೆ ನುಂಗಬೇಕು ಎಂದರು ವೈದ್ಯರು.

ಮರುದಿನ ಬೆಳಿಗ್ಗೆ ಟೈಲರನ ಹೆಂಡತಿ ಮಾತ್ರೆ ನುಂಗಿ, ನೀರು ಕುಡಿದು ಲೋಟ ಕೆಳಗಿಟ್ಟಳು. ಅಕ್ಕ ಬೈಗುಳಕ್ಕೆ ಕಾದು ಕೂತಿದ್ದಳು. ಸೊಸೆ ಅತ್ತೆಯ ಕಡೆ ತಿರುಗಿದಳು.

"ನಾನು ಸತ್ತಿದ್ರೆ ಇನ್ನೊಬ್ಬಳನ್ನ ತರ್ತಿದ್ರಿ, ಅಲ್ವಾ ಅತ್ತೆ? ಅವಳ ಬಾಯಿಂದಾನೂ ಕಿತ್ಕೋತಿದ್ರಾ?"

"ಮೆತ್ತಗೆ ಮಾತಾಡೇ, ಬೀದಿಗೆ ಕೇಳುತ್ತೆ," ಎಂದಳು ಅತ್ತೆ.

"ಕೇಳ್ಲಿ!"

ಅಕ್ಕ ಅವಳನ್ನು ತಡೆಯಲಿಲ್ಲ. ನಮಗೆಲ್ಲ ಕೇಳಿಸಿತು.