ಮೂವರು ಬಾಚುವ ತಲೆ

ಎದೆಯ ಕ್ಯಾನ್ಸರ್ ಗಡ್ಡೆ ತೆಗೆಸಿಕೊಂಡು ಬಂದ ಟೈಲರಮ್ಮನ ಬಲಗೈ ಭುಜದಿಂದ ಮೇಲೇಳುತ್ತಿರಲಿಲ್ಲ. ದಿನಾ ಎತ್ತಿ ಎತ್ತಿ ರೂಢಿ ಮಾಡದಿದ್ದರೆ ಕೈ ಬಿಗಿದುಹೋಗುತ್ತದೆ, ಆಮೇಲೆ ಕತ್ತರಿ ಹಿಡಿಯೋದನ್ನ ಮರೆತುಬಿಡಿ ಎಂದಿದ್ದರು ಡಾಕ್ಟರು. ಆದರೆ ಅವಳು ಬಾಚಣಿಗೆ ಮುಟ್ಟಿದರೆ ಸಾಕು, ಅಕ್ಕ ಕಿತ್ತುಕೊಳ್ಳುತ್ತಿದ್ದಳು. ಅಕ್ಕ ಹಾಕಿದ ಜಡೆಯನ್ನು ಓರಗಿತ್ತಿ ಬಿಚ್ಚಿ ಹಾಕುತ್ತಿದ್ದಳು. ಬೈತಲೆ ಸೊಟ್ಟಗಿದೆಯೆಂದು ಪಕ್ಕದ ಮನೆಯಾಕೆ ಇನ್ನೊಮ್ಮೆ ಬಾಚುತ್ತಿದ್ದಳು.

"ನನ್ನ ತಲೆಯೇನು ಊರ ಬಾವೀನಾ, ಬಂದೋರೆಲ್ಲ ಕೈ ಹಾಕೋಕೆ?"

ಹೋದ ವರ್ಷ ಇದೇ ಆಪರೇಷನ್ ಆಗಿದ್ದ ಇಸ್ತ್ರಿ ಅಂಗಡಿಯಾಕೆ ಅದನ್ನು ಕೇಳಿ ಒಳಗೆ ಬಂದಳು. ಎತ್ತರದ ಸ್ಟೂಲಿನ ಮೇಲೆ ಬೆನ್ನು ತಿರುಗಿಸಿ ಕೂತು, ತನ್ನ ಜಡೆ ಬಿಚ್ಚಿದಳು.

"ನನಗೆ ಬಾಚು. ನೆತ್ತಿಯಿಂದ."

"ನೋಯುತ್ತೆ ಕಣೇ!"

"ನನಗೂ ನೋಯ್ತಿತ್ತು. ಬಯ್ಕೊಂಡು ಬಾಚು."

ಟೈಲರಮ್ಮ ಅವಳ ವಂಶವನ್ನೆಲ್ಲ ಬಯ್ಯುತ್ತಾ ಬಲಗೈ ಎತ್ತಿ ಬಾಚಣಿಗೆಯಿಂದ ನೆತ್ತಿ ಮುಟ್ಟಿದಳು. ಅಕ್ಕ ಬಾಚಣಿಗೆಗೆ ಕೈ ಚಾಚಿದಳು.

"ಸುಮ್ನೆ ಕೂತ್ಕೊಳ್ಳಿ ಅಕ್ಕಾ," ಎಂದಳು ಇಸ್ತ್ರಿಯಾಕೆ, "ಮುಂದಿನ ತಲೆ ನಿಮ್ದೇ."